9600 ಬಾಡ್: ಸೀರಿಯಲ್ ಕೇಬಲ್ಲಿನೊಳಗೆ ಹೆಸರು ಉಳಿಸಿಹೋದ ಎಮಿಲ್ ಬೋದೋ ಯಾರು?

ಜಲ್ಲಿ ತುಂಬಿದ ಲಾರಿಯೊಂದು ವೇಬ್ರಿಡ್ಜ್ ಮೇಲೆ ಬಂದು ನಿಂತಿದೆ. ಮೇಜಿನ ಮೇಲಿನ ತೂಕದ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಸರಿಯಾಗಿಯೇ ಕಾಣುತ್ತಿವೆ. ಆದರೆ ಪಕ್ಕದ ಕಂಪ್ಯೂಟರಿನಲ್ಲಿ ತೂಕ ಬರಬೇಕಾದ ಜಾಗದಲ್ಲಿ ಚೌಕ, ಪ್ರಶ್ನೆ ಗುರುತು, ಯಾವ ಭಾಷೆಗೂ ಸೇರದ ಗೀಚು. ಬಿಲ್ ಹೊರಡುತ್ತಿಲ್ಲ. ಹಿಂದೆ ನಿಂತ ಲಾರಿಗಳು ಹಾರ್ನ್ ಹೊಡೆಯುತ್ತಿವೆ. ವೈರಸ್ ಬಂದಿದೆ ಅನ್ನುತ್ತಾರೆ ಒಬ್ಬರು, ಕೇಬಲ್ ಸುಟ್ಟಿದೆ ಅನ್ನುತ್ತಾರೆ ಇನ್ನೊಬ್ಬರು. ಕೊನೆಗೆ ರಿಪೇರಿಯ ಹುಡುಗ ಬಂದು, ಸೆಟ್ಟಿಂಗ್ಸ್ ತೆರೆದು, 2400 ಎಂದಿದ್ದ ಕಡೆ 9600 ಆರಿಸುತ್ತಾನೆ. ಗೀಚು ಮಾಯ, ತೂಕ ಹಾಜರ್!

ರಕ್ತ ಪರೀಕ್ಷೆಯ ಲ್ಯಾಬು, ಕಾರ್ಖಾನೆಯ ಯಂತ್ರ, ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ, ಹೀಗೆ ಕಂಪ್ಯೂಟರಿಗೆ ಹಳೆಯ ಸೀರಿಯಲ್ ಕೇಬಲ್ ಹಾಕಿದ ಕಡೆಯೆಲ್ಲ ಈ ದೃಶ್ಯ ಒಂದಲ್ಲ ಒಂದು ದಿನ ನಡೆದೇ ನಡೆಯುತ್ತದೆ. ಆ 9600ರ ಮುಂದೆ ಸೆಟ್ಟಿಂಗ್ಸಿನಲ್ಲಿ ಬಾಡ್ ಅಥವಾ ಬಾಡ್ ರೇಟ್ ಎಂದು ಬರೆದಿರುತ್ತದೆ. ಬಾಡ್ ಅಂದರೆ ಏನು? ಯಾವುದೋ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಇರಬೇಕು ಎಂದುಕೊಂಡವರು ಬಹಳ. ನಾನೂ ಓದುವ ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಅಲ್ಲ. ಅದೊಬ್ಬ ಮನುಷ್ಯನ ಹೆಸರು, ಬಾಲ ಕತ್ತರಿಸಿದ್ದು. ವೋಲ್ಟಾ ಎಂಬ ವಿಜ್ಞಾನಿಯ ಹೆಸರು ವೋಲ್ಟ್ ಆದಂತೆ, ಆಂಪಿಯರ್‌ನ ಹೆಸರನ್ನು ನಾವು ಆಂಪ್ ಎಂದು ಚಿಕ್ಕದು ಮಾಡಿದಂತೆ, ಬೋದೋ ಎಂಬ ಫ್ರೆಂಚ್ ತಂತಿ ನೌಕರನ ಹೆಸರು ಬಾಡ್ ಆಯಿತು.

ಕಂಪ್ಯೂಟರ್ ಎಂಬುದು ಹುಟ್ಟುವ ಎಷ್ಟೋ ಮೊದಲು, 1903ರಲ್ಲೇ ತೀರಿಕೊಂಡ ಆ ಮನುಷ್ಯನ ಹೆಸರು ಇಂದಿನ ಕೇಬಲ್ಲಿಗೆ ಹೇಗೆ ಅಂಟಿಕೊಂಡಿತು?

ಹೊಲದಿಂದ ತಂತಿ ಕಚೇರಿಗೆ

ಪೂರ್ತಿ ಹೆಸರು ಜಾಂ ಮೋರಿಸ್ ಎಮಿಲ್ ಬೋದೋ. ಹುಟ್ಟಿದ್ದು 1845ರ ಸೆಪ್ಟೆಂಬರ್ 11ರಂದು, ಫ್ರಾನ್ಸಿನ ಈಶಾನ್ಯ ಭಾಗದ ಮಾನ್ಯೂ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ರೈತ. ಹುಡುಗ ಶಾಲೆಯಲ್ಲಿ ಕಲಿತದ್ದು ಪ್ರಾಥಮಿಕ ಹಂತದವರೆಗೆ ಮಾತ್ರ. ಆಮೇಲೆ ಅಪ್ಪನ ಜೊತೆ ಬೇಸಾಯ. ಕಾಲೇಜಿಲ್ಲ, ಎಂಜಿನಿಯರಿಂಗ್ ಪದವಿಯೂ ಇಲ್ಲ.

1869ರಲ್ಲಿ, ಇಪ್ಪತ್ನಾಲ್ಕರ ಹತ್ತಿರದ ವಯಸ್ಸಿನಲ್ಲಿ, ಅವನು ಫ್ರಾನ್ಸಿನ ತಂತಿ ಇಲಾಖೆಗೆ ಸೇರಿದ. ಕೆಲಸ ಕಲಿಯುವ ಆಪರೇಟರ್, ಅಂದರೆ ತೀರ ಕೆಳಗಿನ ಮೆಟ್ಟಿಲು. ಇಲಾಖೆ ಮೊದಲು ಮೋರ್ಸ್ ತಂತಿ ಕಲಿಸಿತು. ಚುಕ್ಕೆ, ಗೆರೆ, ಚುಕ್ಕೆ ಎಂದು ಕೈಯಲ್ಲಿ ಕುಟ್ಟುವ ಆ ಪದ್ಧತಿಯ ಬಗ್ಗೆ ನೀವು ಕೇಳಿರುತ್ತೀರಿ. ಆಮೇಲೆ ಹ್ಯೂಸ್ ಯಂತ್ರದ ಮೇಲೆ ನಾಲ್ಕು ತಿಂಗಳ ತರಬೇತಿಗೆ ಕಳಿಸಿತು. ಅವನ ಬದುಕು ತಿರುಗಿದ್ದು ಅಲ್ಲಿ.

ಹ್ಯೂಸ್ ಯಂತ್ರ ನೋಡಲು ಪಿಯಾನೊ ಇದ್ದಂತೆ. ಕಪ್ಪು ಬಿಳುಪಿನ 28 ಕೀಲಿ. ಈ ತುದಿಯಲ್ಲಿ ಅಕ್ಷರದ ಕೀಲಿ ಒತ್ತಿದರೆ ಆ ತುದಿಯಲ್ಲಿ ಕಾಗದದ ಪಟ್ಟಿಯ ಮೇಲೆ ಅದೇ ಅಕ್ಷರ ಅಚ್ಚಾಗುತ್ತಿತ್ತು. ಅದಕ್ಕಾಗಿ ಎರಡೂ ತುದಿಗಳಲ್ಲಿ ಅಕ್ಷರದ ಚಕ್ರಗಳು ಒಂದೇ ವೇಗದಲ್ಲಿ, ಒಂದೇ ಹೆಜ್ಜೆಯಲ್ಲಿ ತಿರುಗುತ್ತಿರಬೇಕಿತ್ತು. ನೂರಾರು ಕಿಲೋಮೀಟರ್ ದೂರದ ಎರಡು ಯಂತ್ರಗಳು ಕಾಲದ ಬಗ್ಗೆ ಒಪ್ಪಂದ ಮಾಡಿಕೊಂಡರೆ ಅಕ್ಷರ ತಾನೇ ಅಚ್ಚಾಗುತ್ತದೆ. ಯುವಕ ಬೋದೋನ ತಲೆಯಲ್ಲಿ ಈ ಸಂಗತಿ ಗಟ್ಟಿಯಾಗಿ ಕುಳಿತಿತು.

1870ರಲ್ಲಿ ಪ್ರಷ್ಯಾದ ಜೊತೆ ಯುದ್ಧ ಬಂತು. ಸ್ವಲ್ಪ ಕಾಲ ಸೇನೆಯಲ್ಲಿ ದುಡಿದು, 1872ರಲ್ಲಿ ಪ್ಯಾರಿಸಿನ ತಂತಿ ಕೆಲಸಕ್ಕೆ ಮರಳಿದ.

ಒಂದು ನಲ್ಲಿ, ನಾಲ್ಕು ಕೊಡ

ಆಗಿನ ದೊಡ್ಡ ತಲೆನೋವು ತಂತಿಯದ್ದೇ. ಊರಿಂದ ಊರಿಗೆ ಕಂಬ ನೆಟ್ಟು ತಂತಿ ಎಳೆಯಲು ದುಡ್ಡು ಸುರಿಯಬೇಕು. ಕಳಿಸಬೇಕಾದ ಸಂದೇಶಗಳು ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದವು. ಆದರೆ ಒಬ್ಬ ಆಪರೇಟರ್ ಎಷ್ಟೇ ಚುರುಕಾಗಿ ಕೈ ಆಡಿಸಿದರೂ ತಂತಿಯ ಸಾಮರ್ಥ್ಯದಲ್ಲಿ ಸ್ವಲ್ಪವೇ ಬಳಕೆಯಾಗುತ್ತಿತ್ತು. ವಿದ್ಯುತ್ತು ಬೇಗ ಓಡುತ್ತದೆ, ಬೆರಳು ನಿಧಾನ. ಎರಡು ಅಕ್ಷರಗಳ ನಡುವೆ ತಂತಿ ಸುಮ್ಮನೆ ಮಲಗಿರುತ್ತಿತ್ತು.

ಬೀದಿ ನಲ್ಲಿಯ ಕೆಳಗೆ ನಾಲ್ಕು ಕೊಡ ಇಟ್ಟು, ಪೈಪನ್ನು ಒಂದರಿಂದ ಇನ್ನೊಂದಕ್ಕೆ ಸರಸರ ತಿರುಗಿಸುತ್ತಾ ಹೋದರೆ? ನಾಲ್ಕೂ ಕೊಡ ಒಟ್ಟಿಗೇ ತುಂಬುತ್ತಿರುವಂತೆ ಕಾಣುತ್ತದೆ. ಬೋದೋ ತಂತಿಗೆ ಮಾಡಿದ್ದು ಇದನ್ನೇ. ವೃತ್ತಾಕಾರದ ತಟ್ಟೆಯೊಂದರ ಮೇಲೆ ಲೋಹದ ಬಿಲ್ಲೆಗಳನ್ನು ಜೋಡಿಸಿದ. ಮೇಲೆ ಲೋಹದ ಬ್ರಷ್ ಒಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಒಂದೊಂದೇ ಬಿಲ್ಲೆಯನ್ನು ಸವರಿಕೊಂಡು ಹೋಗುತ್ತದೆ. ಮೊದಲ ಕಾಲು ಸುತ್ತು ಒಬ್ಬ ಆಪರೇಟರಿಗೆ, ಮುಂದಿನ ಕಾಲು ಸುತ್ತು ಎರಡನೆಯವನಿಗೆ. ಹೀಗೆ ನಾಲ್ಕು ಜನ ಒಂದೇ ತಂತಿಯ ಮೇಲೆ ಕೆಲಸ ಮಾಡಬಹುದು. ಆ ತುದಿಯಲ್ಲೂ ಇಂಥದ್ದೇ ತಟ್ಟೆ, ಇಂಥದ್ದೇ ಬ್ರಷ್, ಅದೇ ವೇಗ. ಎರಡು ಬ್ರಷ್‌ಗಳ ಹೆಜ್ಜೆ ತಪ್ಪದಂತೆ ತಿದ್ದುವ ಸಂಕೇತವೂ ನಡುನಡುವೆ ಹೋಗುತ್ತಿತ್ತು.

ಇದರಲ್ಲಿ ಒಂದು ತೊಡಕಿದೆ. ಮೋರ್ಸ್ ಪದ್ಧತಿಯಲ್ಲಿ ಅಕ್ಷರಗಳ ಉದ್ದ ಒಂದೇ ಅಲ್ಲ. ಇಂಗ್ಲಿಷಿನ ಇ ಅಂದರೆ ಒಂದೇ ಚುಕ್ಕೆ, ಸೊನ್ನೆ ಅಂದರೆ ಐದು ಉದ್ದ ಗೆರೆ. ಯಾರ ಅಕ್ಷರ ಎಲ್ಲಿ ಮುಗಿಯಿತು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಬೋದೋ ಎಲ್ಲ ಅಕ್ಷರಕ್ಕೂ ಒಂದೇ ಅಳತೆ ಕೊಟ್ಟ: ಐದು ಮಿಡಿತ. ಪ್ರತಿಯೊಂದು ಮಿಡಿತವೂ ಒಂದೋ ಇದೆ, ಇಲ್ಲವೇ ಇಲ್ಲ. ಐದು ಜಾಗದಲ್ಲಿ ಇದೆ–ಇಲ್ಲಗಳನ್ನು ಜೋಡಿಸಿದರೆ 32 ವಿಧ ಆಗುತ್ತದೆ. ಇಂದು ಇದನ್ನು ನಾವು ಐದು ಬಿಟ್ ಎನ್ನುತ್ತೇವೆ. ಬಿಟ್ ಎಂಬ ಪದವೇ ಆಗ ಇರಲಿಲ್ಲ.

ಇಪ್ಪತ್ತಾರು ಅಕ್ಷರಗಳಿಗೆ 32 ಸಾಕು. ಅಂಕಿಗಳು? ಅಲ್ಪವಿರಾಮ, ಪ್ರಶ್ನೆ ಗುರುತು? ಅದಕ್ಕೆ ಬೋದೋ ಕಂಡುಕೊಂಡ ದಾರಿ ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದೆ. ವಾಟ್ಸಾಪಿನಲ್ಲಿ ಬರೆಯುವಾಗ ಕೀಬೋರ್ಡಿನ ಮೂಲೆಯ ?123 ಒತ್ತಿದರೆ ಅದೇ ಗುಂಡಿಗಳು ಅಂಕಿಗಳಾಗುತ್ತವಲ್ಲ, ಮತ್ತೆ ಒತ್ತಿದರೆ ಅಕ್ಷರಗಳಾಗುತ್ತವಲ್ಲ, ಹಾಗೆಯೇ. ಒಂದು ಸಂಕೇತ ಕಳಿಸಿದರೆ ಮುಂದಿನದೆಲ್ಲ ಅಂಕಿ, ಇನ್ನೊಂದು ಕಳಿಸಿದರೆ ಮುಂದಿನದೆಲ್ಲ ಅಕ್ಷರ. ಆ ಒಂದು ಸಂಕೇತ ದಾರಿಯಲ್ಲಿ ಕೆಟ್ಟರೆ ಮಾತ್ರ ಮುಂದಿನ ಸಾಲು ಪೂರ್ತಿ ಅಂಕಿಗಳ ರಾಶಿ! ತಂತಿ ಕಚೇರಿಗಳಿಗೆ ಇದು ಮಾಮೂಲಿ ಕಿರಿಕಿರಿ.

ಐದು ಬೆರಳಿನ ತಾಳ

ಆಪರೇಟರಿನ ಮುಂದೆ ಐದೇ ಕೀಲಿ. ಎಡಗೈಯ ಎರಡು ಬೆರಳಿಗೆ ಎರಡು, ಬಲಗೈಯ ಮೂರು ಬೆರಳಿಗೆ ಮೂರು. ಸ್ವರಗಳನ್ನು ಬಲಗೈ ಒಂದರಲ್ಲೇ ಒತ್ತುವಂತೆ ಬೋದೋ ಅಕ್ಷರಗಳನ್ನು ಹಂಚಿದ್ದ. ವ್ಯಂಜನ ಬಂದರೆ ಎಡಗೈಯೂ ಸೇರುತ್ತಿತ್ತು. ಸ್ವತಃ ಕೀಲಿ ಒತ್ತಿ ಬೆರಳು ನೋಯಿಸಿಕೊಂಡವನಿಗೆ ಮಾತ್ರ ಹೊಳೆಯುವ ಏರ್ಪಾಡು ಇದು ಅನಿಸುತ್ತದೆ.

ಆದರೂ ಕೆಲಸ ಸುಲಭ ಇರಲಿಲ್ಲ. ಬ್ರಷ್ ಸೆಕೆಂಡಿಗೆ ಸುಮಾರು ಮೂರು ಸುತ್ತು ಬರುತ್ತಿತ್ತು. ನಿಮ್ಮ ಪಾಲಿನ ಕಾಲು ಸುತ್ತು ಬಂದಾಗ ಬೆರಳು ಕೀಲಿಯ ಮೇಲೆ ಒತ್ತಿಕೊಂಡೇ ಇರಬೇಕು. ಯಂತ್ರ ಟಿಕ್ ಎನ್ನುತ್ತದೆ, ಆಗ ಮುಂದಿನ ಅಕ್ಷರ. ಬೇಗ ಒತ್ತಿದರೂ ತಪ್ಪು, ತಡವಾದರೂ ತಪ್ಪು. ನಿಮಿಷಕ್ಕೆ 180 ಅಕ್ಷರ, ಅಂದರೆ ಸುಮಾರು 30 ಪದ, ತಾಳ ತಪ್ಪದೆ, ಗಂಟೆಗಟ್ಟಲೆ. ಬೇರೆ ಯಂತ್ರಗಳಲ್ಲಿ ಮನುಷ್ಯನ ವೇಗಕ್ಕೆ ಯಂತ್ರ ಕಾಯುತ್ತಿತ್ತು. ಇಲ್ಲಿ ಯಂತ್ರದ ವೇಗಕ್ಕೆ ಮನುಷ್ಯ ಕುಣಿಯಬೇಕಿತ್ತು. ಬೋದೋನ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾಗದ ಅಂಶ ಇದೊಂದೇ.

ಸರಿ, ಈ ಯಂತ್ರವನ್ನು ಅವನು ಕಟ್ಟಿದ್ದು ಯಾವಾಗ? ಇಲಾಖೆ ಪ್ರೋತ್ಸಾಹಿಸಿತು, ನಿಜ. ಆದರೆ ನಿನ್ನ ಕೆಲಸ ಮುಗಿದ ಮೇಲೆ ನಿನ್ನ ಸಮಯದಲ್ಲಿ ಮಾಡು ಎಂಬ ಷರತ್ತಿನ ಪ್ರೋತ್ಸಾಹ. ಹಗಲು ನೌಕರಿ, ಬಿಡುವಿನಲ್ಲಿ ಯಂತ್ರ. ಅದರ ಮೇಲೆ ಕೆಲಸಕ್ಕೆ ಸೇರಿದ ಸ್ವಲ್ಪ ಕಾಲದಲ್ಲೇ ಶುರುವಾದ ಅನಾರೋಗ್ಯ. ಕೆಲವೊಮ್ಮೆ ದೀರ್ಘ ರಜೆ ಹಾಕಬೇಕಾಗುತ್ತಿತ್ತು, ಒಮ್ಮೆ ತಿಂಗಳವರೆಗೂ. ಆ ನೋವು ಕೊನೆಯವರೆಗೂ ಅವನನ್ನು ಬಿಡಲಿಲ್ಲ.

1874ರ ಜೂನ್‌ನಲ್ಲಿ ಪೇಟೆಂಟ್ ಪಡೆದ. ಮರುವರ್ಷ ಇಲಾಖೆ ಯಂತ್ರವನ್ನು ಒಪ್ಪಿಕೊಂಡಿತು. 1877ರ ನವೆಂಬರ್ 12ರಂದು ಪ್ಯಾರಿಸ್ ಮತ್ತು ಬೋರ್ಡೋ ನಡುವಿನ ನಿಜವಾದ ತಂತಿಯ ಮೇಲೆ ಮೊದಲ ಪರೀಕ್ಷೆ ನಡೆಯಿತು. ಅದೇ ವರ್ಷದ ಕೊನೆಗೆ ಪ್ಯಾರಿಸ್–ರೋಮ್ ನಡುವಿನ ಸುಮಾರು 1,700 ಕಿಲೋಮೀಟರ್ ತಂತಿಯ ಮೇಲೂ ಓಡತೊಡಗಿತು. 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ. ಎಂಜಿನಿಯರಿಂಗ್ ಓದದ ರೈತನ ಮಗನನ್ನು ಇಲಾಖೆ 1882ರಲ್ಲಿ ಇನ್‌ಸ್ಪೆಕ್ಟರ್–ಎಂಜಿನಿಯರ್ ಹುದ್ದೆಗೆ ಏರಿಸಿತು.

ಒಬ್ಬನೇ ಕಂಡುಹಿಡಿದನೇ?

ಇಂಥ ಕತೆಗಳು ಫೋನಿನಿಂದ ಫೋನಿಗೆ ಹೋಗುವಾಗ ಒಂದು ಸಾಲು ತಾನಾಗಿಯೇ ಸೇರಿಕೊಳ್ಳುತ್ತದೆ: ಶಾಲೆ ಬಿಟ್ಟ ರೈತನ ಮಗ ಒಬ್ಬನೇ ಕೂತು ಡಿಜಿಟಲ್ ಭಾಷೆಯನ್ನೇ ಕಂಡುಹಿಡಿದ! ಓದಲು ಚೆನ್ನಾಗಿದೆ, ಪೂರ್ತಿ ನಿಜವಲ್ಲ.

ಎರಡೇ ಗುರುತುಗಳನ್ನು ಐದೈದಾಗಿ ಜೋಡಿಸಿ ಅಕ್ಷರ ಬರೆಯುವ ಉಪಾಯವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 17ನೇ ಶತಮಾನದ ಆರಂಭದಲ್ಲೇ ಗುಪ್ತಲಿಪಿಗಾಗಿ ಹೇಳಿದ್ದ. ಜರ್ಮನಿಯ ಗೌಸ್ ಮತ್ತು ವೇಬರ್ 1830ರ ದಶಕದಲ್ಲಿ ತಂತಿಗೆ ಐದು ಘಟಕಗಳ ಸಂಕೇತ ಮಾಡಿದ್ದರು. ಒಂದೇ ತಂತಿಯನ್ನು ಸರದಿಯಲ್ಲಿ ಹಲವರಿಗೆ ಹಂಚುವುದನ್ನು ಫ್ರಾನ್ಸಿನವನೇ ಆದ ಬರ್ನಾರ್ ಮೇಯರ್ 1871ರಲ್ಲಿ ಮಾಡಿದ್ದ. ಒಟ್ಟಿಗೆ ತಿರುಗುವ ಚಕ್ರ ಹ್ಯೂಸ್‌ನದು. ಬೋದೋ ಈ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಸೇರಿಸಿ, ದಿನವಿಡೀ ನಡೆಯುವ ಯಂತ್ರ ಮಾಡಿದ. ಅದು ಸಣ್ಣ ಸಾಧನೆಯಲ್ಲ. ಆದರೆ ಶೂನ್ಯದಿಂದ ಹುಟ್ಟಿದ್ದೂ ಅಲ್ಲ.

ಯಾರು ಮೊದಲು ಎಂಬ ಈ ಪ್ರಶ್ನೆ ಅವನ ಕಾಲದಲ್ಲೇ ಒಂದು ಜೀವ ತೆಗೆಯಿತು. ಲೂಯಿ ವಿಕ್ಟರ್ ಮಿಮೋ ಎಂಬ ಇನ್ನೊಬ್ಬ ತಂತಿ ನೌಕರ ಅದೇ 1874ರಲ್ಲಿ ಐದು ತಂತಿಗಳನ್ನು ಬಳಸುವ ಪದ್ಧತಿಗೆ ಪೇಟೆಂಟ್ ಪಡೆದಿದ್ದ. ಇಲಾಖೆ ಅದನ್ನು ಒಪ್ಪಲಿಲ್ಲ. ತಿದ್ದಿ ಮತ್ತೆ ತಂದ, ಆಗಲೂ ಒಪ್ಪಲಿಲ್ಲ. ಅಷ್ಟರಲ್ಲಿ ಬೋದೋನ ಯಂತ್ರಕ್ಕೆ ಹೆಸರು ಬಂತು. ಮಿಮೋ 1877ರಲ್ಲಿ ಬೋದೋನ ಮೇಲೆ ದಾವೆ ಹೂಡಿದ. ಮೊದಲು ತೀರ್ಪು ಮಿಮೋನ ಪರವಾಗಿ ಬಂತು: ಸಂಕೇತದ ಕಲ್ಪನೆ ಅವನದೇ, ಬೋದೋನದು ಅದರ ಸುಧಾರಣೆ ಎಂದು. ಮುಂದೆ ಆ ತೀರ್ಪು ರದ್ದಾಗಿ, ದಾವೆಯ ಖರ್ಚೆಲ್ಲ ಮಿಮೋನ ತಲೆಯ ಮೇಲೆಯೇ ಬಿತ್ತು. ಆಮೇಲೆ ಅವನು ಇಲಾಖೆಯಿಂದ ದೊಡ್ಡ ಮೊತ್ತದ ಪರಿಹಾರ ಮತ್ತು ಗೌರವ ಕೇಳಿದ. ಸಂಶೋಧನಾ ವಿಭಾಗದ ಮುಖ್ಯಸ್ಥ ಜೂಲ್ ರೇನೋ ನೇತೃತ್ವದ ಸಮಿತಿ ಬೇಡಿಕೆಗಳನ್ನು ತಿರಸ್ಕರಿಸಿತು. 1888ರಲ್ಲಿ ಮಿಮೋ ಗುಂಡು ಹೊಡೆದು ರೇನೋನನ್ನು ಕೊಂದ. ಅವನಿಗೆ ಕಠಿಣ ಶಿಕ್ಷೆಯಾಯಿತು.

ಕೊಲೆಗೆ ಸಮರ್ಥನೆ ಇಲ್ಲ. ಆದರೆ ಮಿಮೋ ಬರೀ ಹುಚ್ಚ, ಬೋದೋ ಬರೀ ಪ್ರತಿಭಾವಂತ ಎಂದು ಬರೆದು ಮುಗಿಸುವುದೂ ಸರಿಯಲ್ಲ. ಒಂದೇ ಕಾಲದಲ್ಲಿ, ಒಂದೇ ಇಲಾಖೆಯಲ್ಲಿ, ಒಂದೇ ಸಮಸ್ಯೆಯ ಮುಂದೆ ಕೂತಿದ್ದ ಇಬ್ಬರಿಗೆ ಹತ್ತಿರ ಹತ್ತಿರದ ಉಪಾಯ ಹೊಳೆದಿತ್ತು. ಮಿಮೋನ ಮೊದಲ ಪದ್ಧತಿಗೆ ಐದು ತಂತಿ ಬೇಕಿತ್ತು. ಬೋದೋನ ಐದು ಮಿಡಿತಗಳು ಒಂದೇ ತಂತಿಯಲ್ಲಿ, ಒಂದರ ಹಿಂದೆ ಒಂದು ಹೋಗುತ್ತಿದ್ದವು. ಸಾಲಾಗಿ ಹೋಗುವ ಈ ಕ್ರಮಕ್ಕೇ ಇಂದಿನ ಭಾಷೆಯಲ್ಲಿ ಸೀರಿಯಲ್ ಎನ್ನುವುದು. ಕಂಬ, ತಂತಿಯ ಖರ್ಚು ಕೊಡುವ ಇಲಾಖೆ ಯಾವುದನ್ನು ಆರಿಸುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಬೋದೋನ ಮನೆಯ ಬದುಕಿನಲ್ಲೂ ಸುಖ ಹೆಚ್ಚು ದಿನ ನಿಲ್ಲಲಿಲ್ಲ. 1890ರ ಜನವರಿಯಲ್ಲಿ ಮದುವೆಯಾದ. ಹೆಂಡತಿ ಅದೇ ಏಪ್ರಿಲ್‌ನಲ್ಲಿ ತೀರಿಕೊಂಡಳು. 1903ರ ಮಾರ್ಚ್ 28ರಂದು, ಪ್ಯಾರಿಸ್ ಹತ್ತಿರದ ಸೋ ಎಂಬಲ್ಲಿ ಅವನೂ ಹೋದ. ವಯಸ್ಸು 57. ಅಷ್ಟರಲ್ಲಿ ಅವನ ಯಂತ್ರ ಯುರೋಪಿನ ಹಲವು ದೇಶಗಳಿಗೆ ಹಬ್ಬಿತ್ತು. ಭಾರತದ ತಂತಿ ಕಚೇರಿಗಳಿಗೂ ಬಂತು. ದೊಡ್ಡ ನಗರಗಳ ನಡುವಿನ ಒತ್ತಡದ ಲೈನುಗಳಲ್ಲಿ ಇಲ್ಲಿನ ಗುಮಾಸ್ತರೂ ಅದೇ ಐದು ಕೀಲಿಗಳ ತಾಳ ಕಲಿತರು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಹಳೆಯ ನೆನಪುಗಳು ಎಷ್ಟೋ ಹಂಚಿಕೆಯಾದವು. ಅವುಗಳಲ್ಲಿ ಮೋರ್ಸ್ ಎಲ್ಲೆಲ್ಲೂ ಇದ್ದ. ಬೋದೋನ ಹೆಸರು ನನ್ನ ಕಣ್ಣಿಗಂತೂ ಬೀಳಲಿಲ್ಲ.

ತಂತಿಯಿಂದ ಕೇಬಲ್ಲಿಗೆ

1920ರ ದಶಕದಲ್ಲಿ ತಂತಿ ತಜ್ಞರ ಅಂತಾರಾಷ್ಟ್ರೀಯ ಸಭೆ, ತಂತಿಯ ವೇಗ ಅಳೆಯುವ ಮಾನಕ್ಕೆ ಬೋದೋನ ಹೆಸರಿಟ್ಟಿತು. ಅಲ್ಲಿಯವರೆಗೆ ನಿಮಿಷಕ್ಕೆ ಎಷ್ಟು ಪದ ಎಂದು ಲೆಕ್ಕ. ಪದಗಳ ಉದ್ದ ಭಾಷೆಯಿಂದ ಭಾಷೆಗೆ ಬೇರೆ. ಸೆಕೆಂಡಿಗೆ ತಂತಿಯ ಮೇಲೆ ಸಂಕೇತ ಎಷ್ಟು ಬಾರಿ ಬದಲಾಗಬಲ್ಲದು ಎಂದು ಎಣಿಸಿದರೆ ಎಲ್ಲರಿಗೂ ಒಂದೇ ಅಳತೆ. ಅದೇ ಬಾಡ್. ಮುಂದೆ ಟೆಲೆಕ್ಸ್ ಯಂತ್ರಗಳು 50 ಬಾಡ್‌ನಲ್ಲಿ ಓಡಿದವು, ಅಂದರೆ ಒಂದು ಮಿಡಿತಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ. ನಮ್ಮ ವೇಬ್ರಿಡ್ಜಿನ 9600 ಬಾಡ್‌ನಲ್ಲಿ ಒಂದು ಮಿಡಿತ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು, ಲೆಕ್ಕ ಹಾಕಿದರೆ ಸುಮಾರು 104 ಮೈಕ್ರೋಸೆಕೆಂಡ್.

ನಡುವೆ ಇಬ್ಬರು ಮೂವರು ಕೈ ಹಾಕಿದ್ದಾರೆ, ಅವರನ್ನು ಬಿಡುವಂತಿಲ್ಲ. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೇ 1901ರ ಹೊತ್ತಿಗೆ ಐದು ಕೀಲಿಗಳ ಬದಲು ಟೈಪ್‌ರೈಟರಿನ ಕೀಲಿಮಣೆ ತಂದ. ತಾಳ ಹಿಡಿಯುವ ಶಿಕ್ಷೆ ಆಪರೇಟರುಗಳಿಗೆ ತಪ್ಪಿತು. ಅಮೆರಿಕದ ಕ್ರಮ್ ಎಂಬ ತಂದೆ–ಮಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎರಡು ತುದಿಯ ಯಂತ್ರಗಳು ಇಡೀ ದಿನ ಒಟ್ಟಿಗೆ ತಿರುಗುತ್ತಲೇ ಇರಬೇಕೆಂಬ ಕಟ್ಟನ್ನೂ ಬಿಡಿಸಿದರು. ಪ್ರತಿ ಅಕ್ಷರದ ಮುಂದೆ ಶುರು ಎನ್ನುವ ಒಂದು ಮಿಡಿತ, ಕೊನೆಯಲ್ಲಿ ನಿಲ್ಲು ಎನ್ನುವ ಮಿಡಿತ. ಶುರು ಬಂದ ಕೂಡಲೇ ಆ ತುದಿಯ ಯಂತ್ರ ಗಡಿಯಾರ ಹಿಡಿದು ಎಣಿಸತೊಡಗುತ್ತದೆ, ನಿಲ್ಲು ಬಂದರೆ ವಿಶ್ರಾಂತಿ. ಇವೇ ಇಂದಿನ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್.

ಕಂಪ್ಯೂಟರಿನ ಹಿಂದಿರುವ ಒಂಬತ್ತು ಸೂಜಿಯ ಸೀರಿಯಲ್ ಪೋರ್ಟ್ ಪಾಲಿಸುವುದು 1960ರಲ್ಲಿ ಅಮೆರಿಕದಲ್ಲಿ ಮೊದಲು ಹೊರಬಂದ ಆರ್‌ಎಸ್-232 ಎಂಬ ಮಾನಕವನ್ನು. ಒಂಬತ್ತು ಸೂಜಿ ಇದ್ದರೂ ಸಾಮಾನ್ಯ ಕೆಲಸಕ್ಕೆ ಮೂರು ತಂತಿ ಸಾಕು. ಕಂಪ್ಯೂಟರಿನ ಕಡೆ 3ನೇ ಸೂಜಿ ಮಾತಾಡುವ ಬಾಯಿ, 2ನೇ ಸೂಜಿ ಕೇಳುವ ಕಿವಿ, 5ನೆಯದು ಗ್ರೌಂಡ್. ಗಮನಿಸಿ, ಗಡಿಯಾರಕ್ಕೆಂದು ಬೇರೆ ತಂತಿ ಇಲ್ಲವೇ ಇಲ್ಲ. ಎರಡು ಯಂತ್ರಗಳೂ ಒಂದೇ ವೇಗದಲ್ಲಿ ಎಣಿಸುತ್ತೇವೆ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಸೆಟ್ಟಿಂಗ್ಸಿನಲ್ಲಿ ನಾವು ತುಂಬುವ ಬಾಡ್ ಆ ಒಪ್ಪಂದ. ಒಂದು ಅಕ್ಷರಕ್ಕೆ ಸ್ಟಾರ್ಟ್, ಎಂಟು ಬಿಟ್, ಸ್ಟಾಪ್ ಸೇರಿ ಹತ್ತು ಮಿಡಿತ. ಹತ್ತನೆಯದರ ಹೊತ್ತಿಗೆ ಎಣಿಕೆ ಅರ್ಧ ಮಿಡಿತದಷ್ಟು ಜಾರಿದರೆ ಓದುವುದು ತಪ್ಪುತ್ತದೆ. ಅಂದರೆ ಎರಡು ಗಡಿಯಾರಗಳ ನಡುವೆ ನೂರಕ್ಕೆ ಐದರಷ್ಟು ವ್ಯತ್ಯಾಸವೇ ಹೆಚ್ಚಾಯಿತು. ಹೀಗಿರುವಾಗ ಒಬ್ಬ 9600ರಲ್ಲಿ ಹೇಳಿ ಇನ್ನೊಬ್ಬ 2400ರಲ್ಲಿ ಕೇಳಿದರೆ ಗೀಚಲ್ಲದೆ ಇನ್ನೇನು ಬಂದೀತು?

ಇದರಿಂದ ಕೈಗೆ ಸಿಗುವ ಒಂದು ಉಪಾಯವಿದೆ. ಪರದೆಯ ಮೇಲೆ ಗೀಚು ಬರುತ್ತಿದ್ದರೆ ತಂತಿ ಬಹುಮಟ್ಟಿಗೆ ಸರಿಯಿದೆ, ಮೊದಲು ಬಾಡ್ ನೋಡಿ. ಏನೂ ಬರುತ್ತಿಲ್ಲವೆಂದರೆ 2 ಮತ್ತು 3ರ ತಂತಿ ನೋಡಿ. ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದರೆ ಇಬ್ಬರೂ ಮಾತಾಡುತ್ತಾರೆ, ಯಾರೂ ಕೇಳುವುದಿಲ್ಲ. ಕಂಪ್ಯೂಟರಿಗೆ ಮೋಡೆಮ್ ಜೋಡಿಸಲು ನೇರ ಕೇಬಲ್, ಕಂಪ್ಯೂಟರಿಗೆ ಇನ್ನೊಂದು ಕಂಪ್ಯೂಟರ್ ಜೋಡಿಸಲು 2 ಮತ್ತು 3 ಅದಲುಬದಲಾದ ಕೇಬಲ್. ತೂಕದ ಪೆಟ್ಟಿಗೆ, ಲ್ಯಾಬ್ ಯಂತ್ರಗಳಲ್ಲಿ ಎರಡೂ ಬಗೆ ಇರುತ್ತವೆ, ಹಾಗಾಗಿ ಅದರ ಕೈಪಿಡಿಯನ್ನೇ ನೋಡಬೇಕು. ಈ ಅದಲುಬದಲು ಗೊತ್ತಿಲ್ಲದೆ ನಾನೊಮ್ಮೆ ಇಡೀ ಮಧ್ಯಾಹ್ನ ಕಳೆದು, ಕೊನೆಗೆ ಎರಡು ತಂತಿಗಳ ಬೆಸುಗೆ ಬಿಚ್ಚಿ ಹಾಕಿದ್ದುಂಟು. 5ನೆಯದನ್ನು ಬಿಟ್ಟರೆ ನಡೆಯುತ್ತದೆ ಅನ್ನುವವರ ಮಾತು ಕೇಳಬೇಡಿ. ಒಂದು ಅಥವಾ ಸೊನ್ನೆ ಎಂಬುದನ್ನು ಗ್ರೌಂಡಿಗೆ ಹೋಲಿಸಿಯೇ ಅಳೆಯುವುದು.

ಹೊಸದಾಗಿ ಕಲಿಯುವವರು ಇನ್ನೊಂದು ಕಡೆ ಎಡವುತ್ತಾರೆ, ಮತ್ತು ಅಲ್ಲಿ ದುಡ್ಡು ಹೋಗುತ್ತದೆ. ಆರ್‌ಎಸ್-232 ತಂತಿಯಲ್ಲಿ ಒಂದು ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, ಸೊನ್ನೆ ಎಂದರೆ ಪ್ಲಸ್ 3ರಿಂದ ಪ್ಲಸ್ 15 ವೋಲ್ಟ್. ವಿದ್ಯಾರ್ಥಿಗಳು ಬಳಸುವ ಸಣ್ಣ ಬೋರ್ಡುಗಳು ಕೆಲಸ ಮಾಡುವುದು 5 ಅಥವಾ 3.3 ವೋಲ್ಟಿನಲ್ಲಿ. ನೇರ ಜೋಡಿಸಿದರೆ ಬೋರ್ಡು ಸುಟ್ಟುಹೋಗಬಹುದು. ನಡುವೆ ಮ್ಯಾಕ್ಸ್-232 ಥರದ, ವೋಲ್ಟೇಜ್ ಬದಲಿಸುವ ಚಿಪ್ ಇರಲೇಬೇಕು.

ಬಾಡ್ ಹೆಚ್ಚಿಸಿದರೆ ಎಲ್ಲ ಬೇಗ ಆಗುತ್ತದೆಯೇ?

ಬಾಡ್ ಎಂದರೆ ಸೆಕೆಂಡಿಗೆ ಇಷ್ಟು ಬಿಟ್ ಎಂದು ಎಷ್ಟೋ ಕಡೆ ಬರೆದಿರುತ್ತದೆ. ಸೀರಿಯಲ್ ಕೇಬಲ್ಲಿನ ಮಟ್ಟಿಗೆ ಲೆಕ್ಕ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಒಂದು ಮಿಡಿತಕ್ಕೆ ಒಂದೇ ಬಿಟ್. ಎಲ್ಲ ಕಡೆ ಹಾಗಲ್ಲ. ಹಳೆಯ ಟೆಲಿಫೋನ್ ಮೋಡೆಮುಗಳಲ್ಲಿ ಸೆಕೆಂಡಿಗೆ 600 ಬಾರಿ ಬದಲಾಗುವ ಸಂಕೇತದಲ್ಲಿ 2400 ಬಿಟ್ ಕಳಿಸುವ ಒಂದು ಬಗೆ ಇತ್ತು. ಪ್ರತಿ ಬದಲಾವಣೆಗೆ ನಾಲ್ಕು ಬಿಟ್ ಹೊರಿಸುತ್ತಿದ್ದರು. ಅದು 600 ಬಾಡ್ ಮೋಡೆಮೇ ಹೊರತು 2400 ಬಾಡ್ ಅಲ್ಲ. ಬೋದೋನ ನಾಲ್ಕು ಜನರ ಯಂತ್ರವನ್ನು ಇದೇ ಕಣ್ಣಿನಲ್ಲಿ ನೋಡಿದರೆ, ನಾಲ್ವರಿಗೆ ಐದೈದು ಮಿಡಿತ, ಸೆಕೆಂಡಿಗೆ ಮೂರು ಸುತ್ತು, ಒಟ್ಟು 60 ಬಿಟ್. ಅಷ್ಟರಲ್ಲೇ ದೇಶದೇಶಗಳ ವ್ಯವಹಾರ ನಡೆಯಿತು.

ಬಾಡ್ ಹೆಚ್ಚಿಸಿದರೆ ವೇಬ್ರಿಡ್ಜ್ ಬೇಗ ತೂಗುವುದೂ ಇಲ್ಲ. ತೂಕದ ಒಂದು ಸಾಲಿನಲ್ಲಿ ಹತ್ತಿಪ್ಪತ್ತು ಅಕ್ಷರ. 9600ರಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ, ಅಷ್ಟು ಧಾರಾಳ ಸಾಕು. ಕೇಬಲ್ ಉದ್ದವಾದಷ್ಟೂ ಹೆಚ್ಚಿನ ಬಾಡ್‌ನಲ್ಲಿ ಮಿಡಿತಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಆರ್‌ಎಸ್-232 ಮಾನಕ ಮೊದಲು ಲೆಕ್ಕ ಹಾಕಿದ್ದೇ ಸುಮಾರು 15 ಮೀಟರ್ ಕೇಬಲ್ಲಿಗೆ. ದೂರದ ಕೋಣೆಗೆ ಎಳೆಯಬೇಕಾದರೆ ಬಾಡ್ ಇಳಿಸುವುದೇ ಜಾಣತನ, ಎರಡೂ ತುದಿಯಲ್ಲಿ ಒಟ್ಟಿಗೆ.

ಫ್ರಾನ್ಸ್ 1949ರಲ್ಲಿ ಬೋದೋನ ಅಂಚೆಚೀಟಿ ತಂದಿತು. ಬಾಡ್‌ನ ಚಿಕ್ಕ ರೂಪವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಇಂದಿಗೂ ಮೊದಲಕ್ಷರ ದೊಡ್ಡದು, ವ್ಯಕ್ತಿಯ ಹೆಸರಾದ್ದರಿಂದ. ನೀವು ಈ ಲೇಖನ ಓದುತ್ತಿರುವ ಫೋನಿನ ಹಿಂಬದಿ ತೆರೆದರೆ ಒಂಬತ್ತು ಸೂಜಿಯ ಪೋರ್ಟ್ ಕಾಣುವುದಿಲ್ಲ, ನಿಜ. ಆದರೆ ಎಷ್ಟೋ ಫೋನುಗಳಲ್ಲಿ ಬ್ಲೂಟೂತ್ ಚಿಪ್ಪು ಮುಖ್ಯ ಚಿಪ್ಪಿನ ಜೊತೆ ಮಾತಾಡುವುದು ಇಂಥದ್ದೇ ಸೀರಿಯಲ್ ತಂತಿಯ ಮೇಲೆ: ಶುರು ಎನ್ನುವ ಒಂದು ಮಿಡಿತ, ಎಂಟು ಇದೆ–ಇಲ್ಲ, ನಿಲ್ಲು ಎನ್ನುವ ಒಂದು ಮಿಡಿತ. ಬಾಡ್ ಮಾತ್ರ ಸಾವಿರಗಳಲ್ಲಲ್ಲ, ಲಕ್ಷಗಳಲ್ಲಿ.